ಎಡಗಡೆ ಎರಡು ಬೆರಳು ಎತ್ತರ

ಗಂಗಾಂಬಿಕಾ ಅವರ ಎರಡು ಪಾದಗಳು ಮಾತ್ರ ಹೊರಗಿದ್ದವು. ಮಿಕ್ಕಿದ್ದೆಲ್ಲ ಕದರಪ್ಪನ ಹಳೇ ಪಿಕಪ್ ಗಾಡಿಯ ಅಡಿಗೆ ಸೇರಿಹೋಗಿತ್ತು.

"ರೀ, ಟಾರ್ಚು ಇನ್ನೊಂಚೂರು ಎಡಕ್ಕೆ ಹಿಡೀರಿ."

"ನಿನ್ನ ಎಡಕ್ಕೋ, ನನ್ನ ಎಡಕ್ಕೋ?"

"ಗಾಡಿ ಎಡಕ್ಕೆ!"

ನರಸಿಂಹರಾಜು ಮೇಷ್ಟ್ರು ಮಂಡಿಯೂರಿದರು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಹೆಂಡತಿಯ ವ್ಯಾನಿಟಿ ಬ್ಯಾಗು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮೇಲೆ ಅವರಿಗೆ ಸಿಕ್ಕಿದ್ದ ಉದ್ಯೋಗ ಇದೇ. ಹೆಂಡತಿ ವಿಮೆ ಸರ್ವೇಯರು; ಗುದ್ದಿದ ಗಾಡಿ, ಉರುಳಿದ ಲಾರಿ ಎಲ್ಲಿದ್ದರೂ ಅಳೆದು ಬರುವವರು. ಹಾಗೆ ಅಳೆಯುತ್ತ ಅಳೆಯುತ್ತ ಆಕೆ ಪತ್ತೇದಾರಿಕೆಗೂ ಕೈ ಹಾಕಿದ್ದರು.

ಕೊರಟಗೆರೆಯ ಮಹಾಲಕ್ಷ್ಮಮ್ಮನವರ ತಟ್ಟೆ ಇಡ್ಲಿ ಹೋಟೆಲಿನ ಹಿತ್ತಲಿಂದ, ನಾಲ್ಕು ಆಳು ನೂಕಿದರೂ ಜಗ್ಗದ ರುಬ್ಬುಕಲ್ಲು ಮಾಯವಾಗಿತ್ತು; ಕಳವಿನ ಆರೋಪ ಶಿರಾದಲ್ಲಿ ಪೈಪೋಟಿಗೆ ಹೋಟೆಲ್ ಇಟ್ಟಿದ್ದ ಚಿಕ್ಕನರಸಯ್ಯನ ತಲೆಗೆ ಬಂದಿತ್ತು; ಅವನು ಓಡಿಬಂದು ಗಂಗಾಂಬಿಕಾ ಅವರ ಜಗಲಿಯಲ್ಲಿ ಕೂತು ಅತ್ತಿದ್ದ.

ಹಿತ್ತಲ ಓಣಿಯ ಕೆಸರಿನಲ್ಲಿ ಒತ್ತಿದ್ದ ಟೈರಿನ ದಪ್ಪ ಅಚ್ಚು ಗಂಗಾಂಬಿಕಾ ಅವರನ್ನು ಮಧುಗಿರಿ ಬೆಟ್ಟದ ಬುಡದ ಈ ಗ್ಯಾರೇಜಿಗೆ ಕರೆತಂದಿತ್ತು. ನಾಲ್ಕೂ ಚಕ್ರ ಎಳೆಯುವ ಗಾಡಿ, ಅಂಥ ಟೈರು, ಈ ಕಡೆ ಇದ್ದದ್ದು ಕದರಪ್ಪನ ಬಳಿ ಮಾತ್ರ. ಬೆಟ್ಟದ ಓರೆಯ ಹುಣಸೆ ತೋಪುಗಳನ್ನು ಗುತ್ತಿಗೆ ಹಿಡಿದು ಹಣ್ಣು ಇಳಿಸುವವನು ಅವನು.

"ಮೇಷ್ಟ್ರೇ, ಮೇಡಂ ಎಲ್ಲಿ?" ಎಂದು ದಾರಿಯಲ್ಲಿ ಹೋಗುವವರೊಬ್ಬರು ಕೇಳಿದರು.

ಮೇಷ್ಟ್ರು ಗದ್ದದಿಂದಲೇ ಗಾಡಿಯ ಅಡಿ ತೋರಿಸಿದರು. ಕೇಳಿದವರು ಕೈಮುಗಿದು ಬೇಗಬೇಗ ನಡೆದುಬಿಟ್ಟರು.

ಮೇಷ್ಟ್ರಿಗೆ ಮಂಡಿಯೂರಿ ಕೂರುವುದೇ ಕಷ್ಟವಾಗಿತ್ತು. ಬೆಳಿಗ್ಗೆ ಅದೇ ಮಹಾಲಕ್ಷ್ಮಮ್ಮನವರ ಹೋಟೆಲಿನಲ್ಲಿ ತಿಂದ ಎರಡು ತಟ್ಟೆ ಇಡ್ಲಿ ಹೊಟ್ಟೆಯಲ್ಲಿ ಇಟ್ಟಿಗೆಯ ಹಾಗೆ ಕೂತಿತ್ತು.

ಆದರೂ ಅವರ ಕಣ್ಣು ತನ್ನ ಕೆಲಸ ಮಾಡಿತ್ತು. ಗ್ಯಾರೇಜಿಗೆ ಕಾಲಿಟ್ಟ ಕೂಡಲೇ, "ಗಂಗೂ, ಈ ಗಾಡಿ ಸೊಟ್ಟ ನಿಂತಿದೆ" ಎಂದವರು ಅವರೇ. ಗೋಡೆಯ ಸುಣ್ಣದ ಗೆರೆಗೂ ಬಾನೆಟ್ಟಿನ ಗೆರೆಗೂ ಹೊಂದಿಕೆ ಇರಲಿಲ್ಲ. ಗಾಡಿ ಬಲಕ್ಕೆ ವಾಲಿತ್ತು.

"ಮುಂದಿನ ಎರಡೂ ಟೈರಿಗೆ ಗಾಳಿ ಒಂದೇ ಸಮ ಇದೆ," ಗಾಡಿಯಡಿಯಿಂದ ದನಿ ಬಂತು. "ನೆಲ ಮಟ್ಟಸ. ಈಗ ಅಳೀರಿ. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿಗೆ."

ಮೇಷ್ಟ್ರು ಟೇಪು ಹಿಡಿದು ಎರಡೂ ಕಡೆ ಅಳೆದರು. "ಎಡಗಡೆ ಎರಡು ಬೆರಳು ಎತ್ತರ."

"ಅಂದ್ಕೊಂಡೆ." ಗಂಗಾಂಬಿಕಾ ಜಾರಿಕೊಂಡು ಹೊರಬಂದರು. ಮೂಗಿನ ತುದಿಗೆ ಗ್ರೀಸು. "ದಸ್ತಗೀರ್ ಸಾಬ್ರೇ, ಸ್ವಲ್ಪ ಬನ್ನಿ ಇಲ್ಲಿ."

ಗ್ಯಾರೇಜಿನ ಯಜಮಾನರು ಶಿರಾದವರು, ಮಾತು ಧಾರಾಳ. ಕೈ ಒರೆಸಿಕೊಳ್ಳುತ್ತಲೇ ಶುರುವಿಟ್ಟುಕೊಂಡರು. "ಅರೆ ಮೇಡಂ, ಖುದಾ ಕಸಮ್, ನಾನಿನ್ನೂ ಗಾಡಿ ಮುಟ್ಟೇ ಇಲ್ಲ. ಎಫ್‌ಸಿ ಮಾಡಿಸ್ಬೇಕು, ಸೊಟ್ಟ ಇದ್ರೆ ಇನ್ಸ್‌ಪೆಕ್ಟ್ರು ವಾಪಸ್ ಕಳಿಸ್ತಾರೆ, ಸಮ ಮಾಡ್ಕೊಡಿ ಅಂತ ಮೊನ್ನೆ ಸಾಯಂಕಾಲ ತಂದ್ ನಿಲ್ಸಿದಾನೆ. ಇವತ್ತು ಮಾಡಾಣ ಅಂತಿದ್ದೆ."

"ಈ ಗಾಡಿಗೆ ಮುಂದೆ ಎತ್ತರ ಹೇಗೆ ಏರಿಸ್ತಾರೆ? ನಮ್ಮ ಯಜಮಾನರಿಗೆ ಹೇಳಿ."

"ಸುಲಭ ಮೇಷ್ಟ್ರೇ. ಎರಡೂ ಕಡೆ ಅಡೀಲಿ ಒಂದೊಂದು ಉದ್ದನೆ ರಾಡು. ಒದ್ದೆ ಬಟ್ಟೆ ಹಿಂಡ್ತೀವಲ್ಲ, ಅಂಗೆ ತಿರುಚ್ಕೊಂಡು ಗಾಡಿ ಭಾರ ಹೊತ್ಕೊಂಡಿರ್ತದೆ. ರಾಡಿನ ತುದೀಲಿ ಒಂದು ಬೋಲ್ಟು. ಅದನ್ನ ಬಿಗಿ ಮಾಡಿದ್ರೆ ಗಾಡಿ ಮೇಲೆ, ಸಡಿಲ ಬುಟ್ರೆ ಕೆಳಗೆ. ಆದ್ರೆ ಮೊದಲು ಜಾಕ್ ಕೊಟ್ಟು ಭಾರ ಇಳಿಸ್ಬೇಕು. ಇಲ್ಲಾಂದ್ರೆ..."

"ಇಲ್ಲಾಂದ್ರೆ?"

"ಬೋಲ್ಟಿನ ತಲೆ ಉಂಡೆ ಆಗೋಯ್ತದೆ."

"ಎಡಗಡೆ ಬೋಲ್ಟಿನ ತಲೆ ಉಂಡೆ ಆಗಿದೆ," ಎಂದರು ಗಂಗಾಂಬಿಕಾ. "ತಿರುಪಿನ ಸುತ್ತುಗಳು ಹೊಸದಾಗಿ ಹೊಳೀತಿವೆ. ಬಲಗಡೇದು ತುಕ್ಕು ಹಿಡಿದು ಮಣ್ಣು ಮೆತ್ತಿಕೊಂಡಿದೆ. ಅದನ್ನ ಯಾರೂ ಮುಟ್ಟಿಲ್ಲ. ಅಂದರೆ, ಕಸುಬು ಗೊತ್ತಿಲ್ಲದ ಯಾರೋ ಒಬ್ಬರು ಎಡಗಡೆ ಒಂದನ್ನೇ ಬಿಗಿ ಮಾಡಿದಾರೆ."

ಮೇಷ್ಟ್ರ ಮುಖ ಅರಳಿತು. "ಗೊತ್ತಾಯ್ತು! ಕಲ್ಲನ್ನ ಎಡಗಡೆ ಹೇರಿದಾನೆ. ಗಾಡಿ ಎಡಕ್ಕೆ ವಾಲಿತು. ನೋಡಿದವರಿಗೆ ಅನುಮಾನ ಬರಬಾರದು ಅಂತ ಎಡಗಡೆ ಎತ್ತರಿಸಿದ. ಈಗ ಕಲ್ಲು ಇಳಿದಿದೆ, ಗಾಡಿ ಬಲಕ್ಕೆ ವಾಲಿದೆ. ಮುಗೀತು ಕೇಸು. ನಡಿ, ಊಟಕ್ಕೆ ಹೋಗೋಣ."

"ಕಲ್ಲನ್ನ ಹೇರೋದು ಎಲ್ಲಿಗೆ?"

"ಹಿಂದಕ್ಕೆ."

"ಹಿಂದಿನ ಭಾರ ಹೊರೋದು ಹಿಂದಿನ ಸ್ಪ್ರಿಂಗ್ ಪಟ್ಟಿಗಳು. ಅದಕ್ಕೆ ಮುಂದಿನ ಬೋಲ್ಟ್ ತಿರುಗಿಸಿ ಏನು ಸುಖ? ಅಲ್ಲದೆ ಒಂದೇ ಒಂದು ಟ್ರಿಪ್ಪಿಗೆ ಯಾರು ಇಷ್ಟು ತಾಪತ್ರಯ ಪಡ್ತಾರೆ?" ಗಂಗಾಂಬಿಕಾ ಎಡಗಡೆ ಮಡ್‌ಗಾರ್ಡಿನ ಒಳಮೈ ತೋರಿಸಿದರು. ಅಲ್ಲಿ ಟೈರು ಉಜ್ಜಿ ಉಜ್ಜಿ ಬಣ್ಣವೆಲ್ಲ ಹೋಗಿ ತಗಡು ಫಳಫಳ ಎನ್ನುತ್ತಿತ್ತು. "ಇದು ಒಂದು ದಿನದ ಉಜ್ಜಾಟ ಅಲ್ಲ. ಹಳ್ಳ ದಿಣ್ಣೆ ದಾರೀಲಿ ದಿನಾ ಉಜ್ಜಿದೆ. ಮುಂದೆ, ಎಡಗಡೆ, ದಿನಾ, ಭಾರವಾದದ್ದು. ಏನಿರುತ್ತೆ ರೀ ಅಲ್ಲಿ?"

ಮೇಷ್ಟ್ರು ಯೋಚಿಸಿದರು. "ಸೀಟು."

"ಸೀಟಲ್ಲಿ?"

ಮೇಷ್ಟ್ರು ಬಗ್ಗಿ ಎಡಗಡೆ ಸೀಟನ್ನು ಇಣುಕಿ ನೋಡಿದರು.

ಅಷ್ಟರಲ್ಲಿ ಎದುರಿನ ಅಂಗಡಿಯಿಂದ ಟೀ ಕುಡಿದು ಕದರಪ್ಪ ಬಂದ. ನಲವತ್ತರ ಆಸುಪಾಸಿನ, ಮೀಸೆ ದಪ್ಪಗಿದ್ದು ಧೈರ್ಯ ತೆಳ್ಳಗಿದ್ದ ಮನುಷ್ಯ. ಪಾವಗಡದವನು. ಗಾಬರಿಯಾದರೆ ಬಾಯಲ್ಲಿ ತೆಲುಗು ಬರುತ್ತಿತ್ತು.

"ಏನಪ್ಪಾ ಕದರಪ್ಪ, ಗಾಡಿ ಯಾಕೆ ಹಿಂಗೆ ವಾಲಿದೆ?"

"ವಯಸ್ಸಾಯ್ತು ಮೇಡಂ. ಮುದುಕಿ. ಸೊಂಟ ಬಿದ್ದೋಗೈತೆ."

"ಮುದುಕಿ ಸೊಂಟಕ್ಕೆ ಸ್ಪ್ಯಾನರ್ ಹಾಕಿದ್ದು ಯಾರು?"

"ಅಯ್ಯೋ ದೇವುಡಾ!" ಎಂದ ಕದರಪ್ಪ.

"ಎಡಗಡೆ ಸೀಟಲ್ಲಿ ದಿನಾ ಯಾರು ಕೂರ್ತಾರೆ?"

ಕದರಪ್ಪ ಬೆಟ್ಟ ನೋಡಿದ, ನೆಲ ನೋಡಿದ. ಕೊನೆಗೆ, "ನನ್ ಹೆಂಡ್ತಿ ಮೇಡಂ. ಹೊನ್ನಕ್ಕ. ಒಸಿ ಗಟ್ಟಿಮುಟ್ಟು ಆಳು" ಎಂದ.

"ನಂಬರ್ ಕೊಡು."

ಕೊಡದೆ ವಿಧಿಯಿರಲಿಲ್ಲ. ಗಂಗಾಂಬಿಕಾ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದರು.

"ಹಲೋ, ಹೊನ್ನಕ್ಕ ಅವರಾ? ನಾನು ವಿಮೆ ಸರ್ವೇಯರ್ ಗಂಗಾಂಬಿಕಾ. ನಿಮ್ಮ ಗಾಡಿ ವಿಷಯ. ಮುಂದಿನ ಎಡಗಡೆ ಸೀಟಲ್ಲಿ ದಿನಾ ನೀವೇ ಕೂರೋದಂತೆ, ಹೌದಾ?"

ಆ ಕಡೆ ಕೋಳಿಯೊಂದು ಕೂಗಿತು. ಆಮೇಲೆ ಹೊನ್ನಕ್ಕ.

"ನಾನಾ? ಗಾಡಿ ತಗಂಡಾಗ ಪೂಜೆ ದಿನ ಒಂದ್ಸಲ ಕೂತಿದ್ದೆ. ಆಮ್ಯಾಕೆ ಕೂತಿದ್ರೆ ಕೇಳಿ. ಗಾಳಿ ಬಂದ್ರೆ ಹಾರೋಗಂಗಿದೀನಿ, ನಾನ್ ಕೂತ್ರೇನು ಬುಟ್ರೇನು. ಯಾವಳಮ್ಮ ಅದು ದಿನಾ ಕೂರ್ತಿರೋದು?"

"ಅದನ್ನೇ ವಿಚಾರಿಸ್ತಾ ಇದೀವಿ."

"ನೀವು ವಿಚಾರಿಸೋದು ಬುಡಿ. ಆ ಮನುಷ್ಯಂಗೆ ಕೊಡಿ ಫೋನು."

ಕದರಪ್ಪ ಎರಡೂ ಕೈ ಅಲ್ಲಾಡಿಸಿ ತಾನು ಇಲ್ಲವೆಂದು ಸನ್ನೆ ಮಾಡಿದ.

"ಎದುರಿಗೇ ಇದಾರೆ," ಎಂದರು ಗಂಗಾಂಬಿಕಾ, "ಆದರೆ ಇಲ್ಲ ಅಂತಿದಾರೆ."

"ಅಂಗೋ! ಎಲ್ಲಿ ಅಡಗ್ತಾನೆ ನೋಡ್ತೀನಿ. ಬಸ್ ಹತ್ತಿ ಬಂದೆ ಅಂತ ಹೇಳಿ."

ಫೋನು ಕಟ್ಟಾಯಿತು. ಕದರಪ್ಪ ಟೈರಿನ ಮೇಲೆ ಕುಸಿದು ಕೂತ. ಬಾಯಿ ಮಾತ್ರ ಬಿಡಲಿಲ್ಲ. "ಮಾತ್ ಕೊಟ್ಟಿದೀನಿ ಮೇಡಂ. ಜೈಲಿಗೆ ಹಾಕಿದ್ರೂ ಹೇಳಕ್ಕಿಲ್ಲ."

ದಸ್ತಗೀರ್ ಸಾಬರು ಸ್ಪ್ಯಾನರ್ ಎತ್ತಿಕೊಂಡರು. "ಅಂಗಾದ್ರೆ ಮೇಡಂ, ನಾನು ಸಮ ಮಾಡ್ಬುಡ್ಲಾ?"

"ಬೇಡ. ಗಾಡಿ ಹೀಗೇ ಇರಲಿ. ನನಗೆ ಹೀಗೇ ಬೇಕು." ಗಂಗಾಂಬಿಕಾ ಗಂಡನ ಕಡೆ ತಿರುಗಿದರು. "ಯಾಕ್ರೀ ಹೊಟ್ಟೆ ಹಿಡ್ಕೊಂಡಿದೀರಿ?"

"ಬೆಳಗಿನ ಇಡ್ಲಿ. ರಬ್ಬರ್ ಇದ್ದಂಗಿತ್ತು. ನಿನ್ನೆವರೆಗೂ ಹೂವಿನ ಥರ ಇತ್ತು."

"ಕಲ್ಲು ಹೋದ ಮೇಲೂ ಹೂವಿನ ಥರಾನೇ ಇತ್ತಾ?"

"ಒಂದು ಕೂದಲಷ್ಟೂ ವ್ಯತ್ಯಾಸ ಇರಲಿಲ್ಲ. ಇವತ್ತೇ ಕೆಟ್ಟಿದ್ದು."

ಗಂಗಾಂಬಿಕಾ ಮೂಗಿನ ಗ್ರೀಸು ಒರೆಸಿಕೊಳ್ಳುವುದನ್ನೂ ಮರೆತು ನಿಂತರು. "ಹಿಟ್ಟು ಹುಳಿ ಬರೋಕೆ ಒಂದು ರಾತ್ರಿ ಬೇಕು, ಅಲ್ವಾ? ಇವತ್ತಿನ ಇಡ್ಲಿಗೆ ನಿನ್ನೆ ರುಬ್ಬಿರಬೇಕು. ಮೊನ್ನೆ ಸಾಯಂಕಾಲ ಗಾಡಿ ಗ್ಯಾರೇಜ್ ಸೇರಿತು." ಆಮೇಲೆ ಕದರಪ್ಪನ ಭುಜ ತಟ್ಟಿದರು. "ಏಳಪ್ಪ. ಕೊರಟಗೆರೆಗೆ ಗಾಡಿ ಬಿಡು."

ಕದರಪ್ಪನ ಮೀಸೆ ನಡುಗಿತು. ಅದನ್ನು ನೋಡಿದ ಮೇಷ್ಟ್ರಿಗೆ, ತಮ್ಮ ಹೆಂಡತಿ ಏನನ್ನೋ ಹಿಡಿದುಬಿಟ್ಟಿದ್ದಾಳೆ ಎಂದು ಅರ್ಥವಾಯಿತು. ಏನೆಂದು ಮಾತ್ರ ತಿಳಿಯಲಿಲ್ಲ.

*

ಹೋಟೆಲಿನ ಮುಂದೆ ಹೊಸ ಫ್ಲೆಕ್ಸು ತೂಗುತ್ತಿತ್ತು. 'ಆಧುನಿಕ ಸ್ಟೀಲ್ ಗ್ರೈಂಡರ್‌ನಿಂದ ತಯಾರಿಸಿದ ಅದೇ ಹಳೇ ರುಚಿ.' ಅದರ ಕೆಳಗೆ ದುಡ್ಡಿನ ಗಲ್ಲಾದಲ್ಲಿ ಮಹಾಲಕ್ಷ್ಮಮ್ಮನವರ ಯಜಮಾನರು ರುದ್ರಯ್ಯ, ಫ್ಲೆಕ್ಸಿನಲ್ಲಿರುವ ತಮ್ಮ ಫೋಟೋದಷ್ಟೇ ಹುರುಪಿನಿಂದ ಕೂತಿದ್ದರು.

"ಬನ್ನಿ ಮೇಡಂ, ಬನ್ನಿ ಮೇಷ್ಟ್ರೇ! ಕಲ್ಲು ಹೋದ್ರೆ ಹೋಟ್ಲೇ ಹೋಯ್ತು ಅಂತ ನಮ್ಮನೆಯವ್ರು ಬಡ್ಕಂಡ್ರು. ಏನಾಯ್ತು? ಸ್ಟೀಲ್ ಮಿಷನ್ ತಂದೆ. ಯಾರಾದ್ರೂ ಒಬ್ರು ವ್ಯತ್ಯಾಸ ಕಂಡ್ಹಿಡಿದ್ರಾ? ರುಚಿ ಇರೋದು ಕಲ್ಲಲ್ಲಲ್ಲ ಮೇಡಂ, ಟೆಕ್ನಾಲಜೀಲಿ."

"ಇವತ್ತಿನದು ರಬ್ಬರ್ ಥರ ಇತ್ತು," ಎಂದರು ಮೇಷ್ಟ್ರು. ತಿಂಡಿಯ ವಿಷಯದಲ್ಲಿ ಅವರು ಸುಳ್ಳು ಹೇಳಿದವರಲ್ಲ.

"ಅದಾ... ಉದ್ದಿನಬೇಳೆ ಲೋಡು ಸರಿ ಇರ್ಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಮಹಾಲಕ್ಷ್ಮಮ್ಮ ಕಾಣಿಸಿಕೊಂಡರು. ಆಳೆತ್ತರ, ಅದಕ್ಕೆ ತಕ್ಕ ಅಗಲ, ಹಣೆಯ ಮೇಲೆ ಕಾಸಿನಗಲ ಕುಂಕುಮ. ಅವರು ಬಂದರೆ ಬಾಗಿಲಿನ ಬೆಳಕು ಕಮ್ಮಿಯಾಗುತ್ತಿತ್ತು, ಹೋಟೆಲಿನ ಗದ್ದಲವೂ ಕಮ್ಮಿಯಾಗುತ್ತಿತ್ತು. ಯಾವಾಗಲೂ ಮೇಷ್ಟ್ರನ್ನು "ಇನ್ನೊಂದು ಹಾಕ್ಲಾ ಅಣ್ಣ" ಎಂದು ಕೇಳುತ್ತಿದ್ದವರು ಇವತ್ತು ಕಣ್ಣು ತಪ್ಪಿಸಿದರು.

"ಕಲ್ಲು ಸಿಗ್ಲಿ ಅಂತ ಸಿದ್ದರಬೆಟ್ಟಕ್ಕೆ ಹರಕೆ ಹೊತ್ತವ್ಳೆ," ರುದ್ರಯ್ಯ ಹೆಮ್ಮೆಯಿಂದ ಹೇಳಿದರು. "ದಿನಾ ಹೊತ್ತಾರೆ ಎದ್ದು ಹೋಗ್ತಾಳೆ. ನಾನ್ ಏಳೋ ಹೊತ್ತಿಗೆ ವಾಪಸ್ ಬಂದು ಒಲೆ ಮುಂದೆ ನಿಂತಿರ್ತಾಳೆ. ನಿನ್ನೆ, ಇವತ್ತು ಮಾತ್ರ ಹೋಗಿಲ್ಲ."

"ಯಾಕಮ್ಮ?"

"ಬಸ್ ಸಿಗ್ನಿಲ್ಲ," ಎಂದರು ಮಹಾಲಕ್ಷ್ಮಮ್ಮ.

ಗಂಗಾಂಬಿಕಾ ತಲೆದೂಗಿದರು. "ಕಲ್ಲಿನ ಸುಳಿವು ಸಿಕ್ಕಿದೆ ಅಮ್ಮ. ಗುರುತು ಹಿಡಿಯೋಕೆ ನೀವು ಬರಬೇಕು. ಹೊರಗೆ ಗಾಡಿ ನಿಂತಿದೆ."

ರುದ್ರಯ್ಯ ಗಲ್ಲಾದಿಂದ ಎದ್ದರು. "ನಾನೂ ಬರ್ತೀನಿ. ಆ ಚಿಕ್ಕನರಸಯ್ಯನ ಮುಖಕ್ಕೆ ಉಗೀಬೇಕು."

"ಗಲ್ಲಾ ಯಾರು ನೋಡ್ಕೋತಾರೆ?"

ರುದ್ರಯ್ಯ ಮತ್ತೆ ಕೂತರು.

ಹೊರಗೆ ಗಾಡಿಯನ್ನು ಕಂಡ ಮಹಾಲಕ್ಷ್ಮಮ್ಮನ ಹೆಜ್ಜೆ ಒಂದು ಕ್ಷಣ ತಡೆಯಿತು. ಸ್ಟೇರಿಂಗಿನ ಮುಂದೆ ಕೂತ ಕದರಪ್ಪ ಕಣ್ಣು ಮುಚ್ಚಿ ಯಾವುದೋ ದೇವರನ್ನು ನೆನೆಯುತ್ತಿದ್ದ. ಆ ಗಾಡಿಯ ಎಡಬಾಗಿಲು ಮಹಾ ಹಟಮಾರಿ. ಮಧುಗಿರಿಯಲ್ಲಿ ಹತ್ತುವಾಗ ಅದರೊಂದಿಗೆ ಗುದ್ದಾಡಿ ಮೇಷ್ಟ್ರ ಉಗುರು ಕಿತ್ತುಬಂದಿತ್ತು. ಮಹಾಲಕ್ಷ್ಮಮ್ಮ ಹಿಡಿಯನ್ನು ಕೊಂಚ ಮೇಲೆತ್ತಿ, ಮಂಡಿಯಿಂದ ಒಂದು ಗುದ್ದು ಕೊಟ್ಟರು. ಬಾಗಿಲು ಬೆಣ್ಣೆಯ ಹಾಗೆ ತೆರೆಯಿತು. ಸೀಟಿನ ಕೆಳಗೆ ಕೈ ಹಾಕಿ ಒಂದು ಮರದ ಮಣೆ ಎಳೆದು ನೆಲಕ್ಕಿಟ್ಟು, ಮೇಲೆ ಕಾಲಿಟ್ಟು, ಹತ್ತಿ ಕೂತರು.

ಆಮೇಲೆ ತಾವೇನು ಮಾಡಿದೆವೆಂದು ಹೊಳೆದು ಅವರ ಮುಖ ಕೆಂಪಾಯಿತು.

ಗಂಗಾಂಬಿಕಾ ಅವರನ್ನು ನೋಡಲೇ ಇಲ್ಲ. "ಕದರಪ್ಪ, ಗಾಡೀನ ಒಂದ್ಸಲ ಮುಂದಕ್ಕೆ, ಒಂದ್ಸಲ ಹಿಂದಕ್ಕೆ ತಗೋ. ಭಾರ ಸರಿಯಾಗಿ ಕೂರಲಿ."

ಗಾಡಿ ಮುಂದೆ ಹೋಯಿತು, ಹಿಂದೆ ಬಂತು. ಓಣಿಯ ಜನ ಸೇರಿದರು. ಮೇಷ್ಟ್ರು ಟೇಪು ಹಿಡಿದು ಬಲಗಡೆ ಅಳೆದರು. ಎಡಗಡೆ ಅಳೆದರು. ನಂಬಿಕೆ ಬಾರದೆ ಮತ್ತೆ ಬಲಗಡೆಗೆ ಹೋದರು.

"ಎಷ್ಟಿದೆ?"

"ಗಂಗೂ..." ಮೇಷ್ಟ್ರ ದನಿ ಪಿಸುಮಾತಿಗೆ ಇಳಿಯಿತು. "ಎರಡೂ ಒಂದೇ. ಗಾಡಿ ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿದೆ."

"ಏನ್ ಮೇಡಂ ಅಳತೆ ಅದು?" ಬಾಗಿಲಿಗೆ ಬಂದ ರುದ್ರಯ್ಯ ಕೂಗಿ ಕೇಳಿದರು.

"ವಿಮೆ ಅಳತೆ!" ಎಂದು ಕೂಗಿ ಹೇಳಿ, ಗಂಗಾಂಬಿಕಾ ಗಾಡಿ ಹತ್ತಿ ನಡುವೆ ಕೂತರು. ಮೇಷ್ಟ್ರಿಗೆ ಒಳಗೆ ಜಾಗವಿರಲಿಲ್ಲ. ಅವರು ಹಿಂದೆ ಹುಣಸೆ ಮೂಟೆ ಹಾಕುವ ಜಾಗಕ್ಕೆ ಹತ್ತಿ, ಕ್ಯಾಬಿನ್ನಿನ ಪುಟ್ಟ ಕಿಟಕಿಗೆ ಕಿವಿಯಿಟ್ಟು ನಿಂತರು.

*

ಗಾಡಿ ಊರು ದಾಟಿತು. ಆಮೇಲೆ ಗಂಗಾಂಬಿಕಾ ಮೆಲ್ಲಗೆ ಕೇಳಿದರು.

"ಕಲ್ಲು ಎಲ್ಲಿದೆ ಅಮ್ಮ?"

"ಅಕ್ಕಾ, ಚೆಪ್ಪೊದ್ದು!" ಕದರಪ್ಪ ಕೂಗಿದ. ಹೇಳಬೇಡ ಎಂದು ತೆಲುಗಿನಲ್ಲಿ ಬೇಡಿದ್ದು.

"ಸುಮ್ಕಿರೋ. ಗಾಡೀನೇ ಹೇಳ್ಬುಡ್ತಲ್ಲ, ಇನ್ನೇನು ಬಾಯ್ಮುಚ್ಕಂಡಿರೋದು." ಮಹಾಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಕೊಳಾಲದ ಆಚೆ, ಬೆಟ್ಟದ ಓರೇಲಿ ಇವ್ನ ಹುಣಸೆ ತೋಪೈತೆ. ಅಲ್ಲಿ ಶೆಡ್ಡೊಳ್ಗೆ ಐತೆ. ಇವ್ನು ನಮ್ಮ ತವರಿನ ಕಡೆಯವ್ನು, ನಂಗೆ ತಮ್ಮ ಆಗ್ಬೇಕು. ಚೈನ್ ಬ್ಲಾಕ್ ಹಾಕಿ ಎತ್ತಿ ತಂದ್ಬುಟ್ಟ. ಆ ದಾರಿಗೆ ಬ್ಯಾರೆ ಗಾಡಿ ಹತ್ತಲ್ಲ."

"ನಿಮ್ಮ ಕಲ್ಲನ್ನ ನೀವೇ ಕದ್ದಿರಾ?" ಕಿಟಕಿಯಿಂದ ಮೇಷ್ಟ್ರು ತಡೆಯಲಾರದೆ ಕೇಳಿದರು.

"ಇನ್ನೇನ್ ಮಾಡ್ಲಣ್ಣ? ನಮ್ಮನೆಯವ್ರು ಅದುನ್ನ ಯಾರೋ ರೆಸಾರ್ಟಿನವ್ರಿಗೆ ಕೊಡಕ್ಕೆ ಮಾತಾಡ್ಬುಟ್ಟಿದ್ರು. ತೋಟದ ಮಧ್ಯ ಇಟ್ಟು, ಅದ್ರೊಳ್ಗೆ ನೀರು ಚಿಮ್ಮಿಸಿ, ಮೀನು ಬುಡ್ತಾರಂತೆ! ಉದ್ದು ಅಕ್ಕಿ ಬಿಟ್ಟು ಬ್ಯಾರೇದು ಕಾಣದ ಕಲ್ಲು ಅದು. ನೀವೇ ಹೇಳಿ, ಮೀನು ಬುಡೋದಾ?"

ಮೇಷ್ಟ್ರಿಗೆ ಸಂಕಟವಾಯಿತು. "ಮೀನಾ!" ಎಂದರು.

"ಸರಿ, ಬಚ್ಚಿಟ್ಟಿರಿ," ಎಂದರು ಗಂಗಾಂಬಿಕಾ. "ದಿನಾ ಯಾಕೆ ಹೋಗ್ತಿದ್ರಿ?"

"ರುಬ್ಬಕ್ಕೆ. ತಿನ್ನೋರಿಗೆ ಮೋಸ ಮಾಡಕ್ಕಾಯ್ತದಾ? ಪಂಪ್‌ಸೆಟ್ಟಿನ ಕರೆಂಟಿಂದ ಕಲ್ಲಿನ ಮೋಟ್ರು ತಿರುಗ್ಸಿ ಅಲ್ಲೇ ರುಬ್ಬಿ, ಕ್ಯಾನಿಗೆ ತುಂಬ್ಕಂಡು ಬಂದು, ಮಿಷನ್ ಹಿಟ್ಟು ಎಮ್ಮೆಗೆ ಹಾಕಿ, ಇದುನ್ನ ಇಡ್ತಿದ್ದೆ. ಅದೇ ನಂಗೆ ಮುಳುವಾಯ್ತು ನೋಡಿ. ರುಚಿ ಒಸೀನೂ ಕೆಡ್ಲಿಲ್ಲ. ಅವ್ರು ಮಿಷನ್ ಗೆದ್ದಂಗೆ ಫ್ಲೆಕ್ಸ್ ಹಾಕುಸ್ಬುಟ್ರು. ದಿನಾ ಬೆಳಗಾದ್ರೆ ನಮ್ಮನೆ ಎಮ್ಮೆ ಟೆಕ್ನಾಲಜಿ ತಿಂತೈತೆ, ಊರು ಕಲ್ಲಿಂದು ತಿಂತೈತೆ, ಹೊಗಳಿಕೆ ಮಾತ್ರ ಅವ್ರಿಗೆ."

ಮೇಷ್ಟ್ರು ನಗು ತಡೆಯಲು ತುಟಿ ಕಚ್ಚಿದರು. ಗಾಡಿ ಹಳ್ಳಕ್ಕೆ ಇಳಿದು ತುಟಿ ನಿಜವಾಗಿಯೂ ಕಚ್ಚಿಹೋಯಿತು.

"ಬೋಲ್ಟ್ ತಿರುಗಿಸಿದ್ದು ನಾನೇ ಮೇಡಂ," ಕದರಪ್ಪ ಒಪ್ಪಿಕೊಂಡ. "ಅಕ್ಕ ಕೂತ್ರೆ ಟೈರು ಉಜ್ಜೋದು. ಅಕ್ಕಂಗೆ ಹೇಳಕ್ಕೆ ಆಯ್ತದಾ? ಒಂದಿನ ಸುಮ್ನೆ ಬಿಗಿ ಮಾಡ್ಬುಟ್ಟೆ."

ಮಹಾಲಕ್ಷ್ಮಮ್ಮ ತಿರುಗಿ ಅವನನ್ನು ದುರುಗುಟ್ಟಿ ನೋಡಿದರು. "ನನ್ನಿಂದ್ಲಾ? ದಾರಿ ಸರಿ ಇಲ್ಲ ಅಂದಿದ್ಯಲ್ಲೋ!"

ಅವನನ್ನು ಕಾಪಾಡಿದ್ದು ಫೋನು. ಪರದೆಯ ಮೇಲೆ ಹೊನ್ನಕ್ಕ. ಕದರಪ್ಪ ಅದನ್ನು ಬೆಂಕಿಯ ಕೆಂಡ ಹಿಡಿದವನ ಹಾಗೆ ಅಕ್ಕನ ಮಡಿಲಿಗೆ ಹಾಕಿದ. "ನೀನೇ ಒಂದ್ಮಾತು ಹೇಳಕ್ಕ, ನಿನ್ ಕಾಲಿಗ್ ಬೀಳ್ತೀನಿ."

"ಹೊನ್ನಾ, ನಾನು ಕಣಮ್ಮ, ಕೊರಟಗೆರೆ ಮಾಲಕ್ಷ್ಮಕ್ಕ. ಹೂಂ. ದಿನಾ ಕೂತಿದ್ದೋಳು ನಾನೇ... ಊಟಕ್ಕೆ ಹೋಟ್ಲಿಗೇ ಬಂದ್ಬುಡು, ಎಲ್ಲಾ ಹೇಳ್ತೀನಿ." ಫೋನು ವಾಪಸ್ ಕೊಡುತ್ತ, "ಬಸ್ಸಲ್ಲಿ ಪಕ್ಕದ ಸೀಟ್ನೋರು ಸಮಾಧಾನ ಮಾಡ್ತಿದ್ರಂತೆ ಪಾಪ" ಎಂದರು.

ಗಂಗಾಂಬಿಕಾ ನಗಲಿಲ್ಲ. "ಸಮಾಧಾನ ಆಗಬೇಕಾದವನು ಇನ್ನೊಬ್ಬ ಇದಾನೆ. ಚಿಕ್ಕನರಸಯ್ಯನನ್ನ ದಿನಾ ಸ್ಟೇಷನ್ನಿಗೆ ಕರೆಸಿ ಕೂರಿಸ್ತಿದಾರೆ. ನಾಳೆ ಅರೆಸ್ಟ್ ಮಾಡ್ತಾರಂತೆ. ಅವನು ನಿಮ್ಮ ಕೈಕೆಳಗೆ ಕೆಲಸ ಕಲಿತವನಲ್ವಾ?"

ಮಹಾಲಕ್ಷ್ಮಮ್ಮನ ಭುಜ ಕುಸಿಯಿತು. "ಹಿಟ್ಟು ಯಾವಾಗ ಹುಳಿ ಬಂತು ಅಂತ ವಾಸನೇಲೇ ಹೇಳ್ತಿದ್ದ ಅವ್ನು. ನಮ್ಮನೆಯವ್ರು ಅವ್ನ ಹೆಸ್ರು ಹೇಳಿದಾಗ್ಲೇ ನಾನು ಬಾಯಿ ಬುಡ್ಬೇಕಿತ್ತು. ಕಲ್ಲು ಹೋಯ್ತದೆ ಅಂತ ಹೆದ್ರುಕಂಡೆ. ಇವತ್ತೇ ಹೋಗಿ ಹೇಳ್ತೀನಿ, ನಡೀರಿ. ನಮ್ಮನೆಯವ್ರು ಕುಣಿದ್ರೆ ಕುಣೀಲಿ."

"ಮೊದಲು ಕಲ್ಲು ನೋಡೋಣ. ಕಣ್ಣಾರೆ ಕಂಡ ಮೇಲೆ ಸ್ಟೇಷನ್ನು."

ಕೊಳಾಲ ದಾಟಿದ ಮೇಲೆ ರಸ್ತೆ ಮುಗಿಯಿತು. ಕದರಪ್ಪ ಪಕ್ಕದ ಸಣ್ಣ ಗೇರ್ ಕಡ್ಡಿ ಎಳೆದ. ಗಾಡಿ ಗೊರಗೊರ ಎನ್ನುತ್ತ ನಾಲ್ಕೂ ಕಾಲಿನಿಂದ ಬಂಡೆ ಹತ್ತತೊಡಗಿತು. ಹಿಂದೆ ನಿಂತ ಮೇಷ್ಟ್ರು ಒಮ್ಮೆ ಆಕಾಶ ನೋಡಿದರು, ಒಮ್ಮೆ ನೆಲ. ಇಡ್ಲಿ ಎಂಬುದು ಇಷ್ಟು ಕಷ್ಟದ ಪದಾರ್ಥವೆಂದು ಅವರಿಗೆ ತಿಳಿದಿರಲಿಲ್ಲ.

*

ಹುಣಸೆ ಮರಗಳ ನಡುವೆ ತಗಡಿನ ಶೆಡ್ಡು. ಬಾಗಿಲಿಗೆ ಬೀಗವಿಲ್ಲ, ಚಿಲಕ ಮಾತ್ರ. ಕದರಪ್ಪ ತೆಗೆದ.

ಕಲ್ಲು ಅಲ್ಲೇ ಇತ್ತು. ಕರ್ರಗೆ, ದುಂಡಗೆ, ಮದುವೆಮನೆಯ ಹಿರಿಯಜ್ಜಿಯ ಹಾಗೆ ನೆಲವನ್ನೆಲ್ಲ ಆಕ್ರಮಿಸಿ ಕೂತಿತ್ತು. ಮೇಷ್ಟ್ರಿಗೆ ತಿಳಿಯದೆಯೇ ಕೈ ಮುಗಿಯಿತು.

"ಸದ್ಯ!" ಎಂದರು ಮಹಾಲಕ್ಷ್ಮಮ್ಮ. ಮರುಕ್ಷಣ ಅವರ ಹುಬ್ಬು ಗಂಟಿಕ್ಕಿತು. "ಇದೇನು, ಒದ್ದೆ ಐತೆ?"

ಗಂಗಾಂಬಿಕಾ ಬಗ್ಗಿ ನೋಡಿದರು. ಕಲ್ಲಿನ ಸುತ್ತ ನೆಲ ಆಗತಾನೇ ತೊಳೆದ ಹಾಗಿತ್ತು. ಗುಂಡಿನ ಬುಡದಲ್ಲಿ ಬಳಿದು ಉಳಿದ ಹಿಟ್ಟು, ಇನ್ನೂ ಹಸಿ. ಒಣಗಿದ ಪೊರೆಯೂ ಕಟ್ಟಿರಲಿಲ್ಲ.

"ನೀವು ಕೊನೇ ಸಲ ರುಬ್ಬಿದ್ದು ಯಾವತ್ತು?"

"ಮೊನ್ನೆ ಬೆಳಿಗ್ಗೆ. ಆಮ್ಯಾಕೆ ಗಾಡಿ ಗ್ಯಾರೇಜಿಗೆ ಹೋಯ್ತಲ್ಲ."

"ಇದು ಇವತ್ತು ರುಬ್ಬಿದ್ದು." ಗಂಗಾಂಬಿಕಾ ಹೊರಗೆ ಹೋಗಿ ನೆಲ ನೋಡಿಬಂದರು. "ಹೊಸ ಟೈರಿನ ಅಚ್ಚು ನಮ್ಮದೊಂದೇ. ಯಾರೋ ನಡ್ಕೊಂಡು ಬಂದು ರುಬ್ಬಿಕೊಂಡು ಹೋಗಿದಾರೆ. ರೀ, ಸ್ವಲ್ಪ ರುಚಿ ನೋಡಿ."

"ಹಸಿ ಹಿಟ್ಟಾ?" ಎಂದರು ಮೇಷ್ಟ್ರು, ಆಗಲೇ ಬೆರಳು ಹಾಕುತ್ತ.

ಅವರು ಕಣ್ಣು ಮುಚ್ಚಿದರು. ಹುಳಿ ಬಾರದ ಹಿಟ್ಟಾದರೂ ನಾಲಿಗೆಯ ಮೇಲೆ ನೊರೆಯ ಹಾಗೆ ಕರಗಿತ್ತು, ಕೊನೆಯಲ್ಲಿ ಮೆಂತ್ಯದ ಒಂದೇ ಒಂದು ಎಳೆ ಕಹಿ.

"ಹೆಂಗಿದೆ ಅಣ್ಣ?" ಮಹಾಲಕ್ಷ್ಮಮ್ಮ ಕೇಳಿದರು. ಅವರ ದನಿಯಲ್ಲಿ ಹೋಟೆಲಿನವರ ಹೆದರಿಕೆಯಿತ್ತು.

ಮೇಷ್ಟ್ರು ಹೆಂಡತಿಯನ್ನು ನೋಡಿದರು, ಸಹಾಯ ಸಿಗಲಿಲ್ಲ. "ತಪ್ಪು ತಿಳ್ಕೋಬೇಡಿ ಅಮ್ಮ. ಇದು ನಿಮ್ಮದಕ್ಕಿಂತ ಒಂದು ಕೈ ಮೇಲು."

ಮಹಾಲಕ್ಷ್ಮಮ್ಮ ಅವರನ್ನು ಪಕ್ಕಕ್ಕೆ ಸರಿಸಿ, ತಾವೂ ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಅಷ್ಟು ದೊಡ್ಡ ದೇಹ ಗೋಡೆಗೆ ಆತುಕೊಂಡಿತು. ಶೆಡ್ಡಿನ ತಗಡು ನಡುಗಿತು.

"ಇದು ನಮ್ಮತ್ತೆ ಕೈ," ಎಂದರು. "ಸಿದ್ದಗಂಗಮ್ಮನೋರ್ದು. ಮೆಂತ್ಯ ಯಾವಾಗ ಎಷ್ಟು ಹಾಕ್ಬೇಕು ಅಂತ ನಂಗೆ ಕಡೇವರ್ಗೂ ಹೇಳ್ಕೊಡ್ನಿಲ್ಲ. ಈ ಭೂಮಿ ಮ್ಯಾಲೆ ಇನ್ನೊಬ್ರಿಗೆ ಈ ರುಚಿ ಬರಲ್ಲ."

"ನಿಮ್ಮ ಅತ್ತೆ ಈಗ ಎಲ್ಲಿದಾರೆ?"

"ಎಲ್ಲಿದಾರೆ ಅಂದ್ರೆ? ಕಾಶಿಗೆ ಹೋದೋರು ಗುಂಪಲ್ಲಿ ತಪ್ಪುಸ್ಕಂಡ್ರು. ಎಷ್ಟ್ ಹುಡ್ಕುಸಿದ್ರೂ ಸಿಗ್ನಿಲ್ಲ. ಗಂಗೆ ಪಾಲಾದ್ರು ಅಂದ್ರು. ಎಲ್ಲಾ ಕರ್ಮ ಮುಗ್ಸಿ, ವರ್ಷಾ ವರ್ಷಾ ಪಿತೃಪಕ್ಷದಲ್ಲಿ ಎಡೆ ಇಡ್ತಿದೀವಿ. ಅವ್ರಿಗೆ ಇಷ್ಟ ಅಂತ ಇಡ್ಲೀನೇ ಇಡ್ತೀವಿ. ಈ ಸಲಾನೂ ಇಟ್ಟಿದ್ವಿ."

ಬಾಗಿಲ ಬಳಿ ನಿಂತಿದ್ದ ಕದರಪ್ಪ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ.

"ಅಕ್ಕಾ, ಬೈಕಬ್ಯಾಡ," ಎಂದ. "ಈ ಸಲ ನಾನ್ ತಂದ್ಕೊಟ್ಟ ಎಡೆ ಇಡ್ಲಿ ಒಸಿ ಗಟ್ಟಿ ಇತ್ತಂತೆ. ನಿಮ್ಮತ್ತೆ ನಿಂಗೆ ಹೇಳು ಅಂದ್ರು."